ಬೆಳಿಗ್ಗೆ ಏಳರ ಸದ್ದು

ಆ ಸದ್ದು ನನಗೆ ಕೇಳಿಸಿತ್ತು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ— ನಾಲ್ಕು ದಿನವೂ ನನ್ನ ಮಾವನವರ ಎದೆಯೊಳಗಿನ ಯಂತ್ರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೂಗಿತು. ನಾಲ್ಕು ದಿನವೂ ಅವರು "ಏನವ್ವ, ಕೂಗ್ತಾ?" ಎಂದು ಕೇಳಿದರು. ನಾಲ್ಕು ದಿನವೂ ನಾನು "ಇಲ್ಲ ಮಾವ" ಎಂದೆ.

ಇಷ್ಟನ್ನು ಬರೆಯುವುದಕ್ಕೆ ಐದು ವರ್ಷ ಬೇಕಾಯಿತು. ಬರೆದ ಮೇಲೆ ಎದ್ದು ಅಡುಗೆಮನೆಗೆ ಹೋದೆ, ಯಾತಕ್ಕೆ ಹೋದೆನೆಂಬುದು ಮರೆತು ವಾಪಸ್ಸು ಬಂದು ಕೂತಿದ್ದೇನೆ. ಪ್ರೈಮರಿ ಶಾಲೆ ಮೇಡಂ ನಾನು. ಸುಳ್ಳು ಹೇಳಿದ ಮಕ್ಕಳನ್ನು ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸುವವಳು. ನನ್ನನ್ನು ಯಾರೂ ನಿಲ್ಲಿಸಲಿಲ್ಲ, ಅದಕ್ಕೇ ಈಗ ನಾನೇ—

ಇರಲಿ. ಮೊದಲಿನಿಂದ ಹೇಳುತ್ತೇನೆ.

ನನ್ನ ಮಾವ ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಊರಿಗೆಲ್ಲ ಗಿರಣಿ ರುದ್ರಣ್ಣ. ಅತ್ತೆ ನಂಜಮ್ಮನವರೂ ಮದುವೆಯಾಗಿ ಬಂದಾಗಿನಿಂದ ಅದೇ ಗಿರಣಿಯಲ್ಲಿ ಜರಡಿ ಹಿಡಿದು ಕೂತವರು. ನಲವತ್ತು ವರ್ಷ ಆ ಯಂತ್ರದ ಗದ್ದಲ ಕೇಳಿ ಕೇಳಿ ಇಬ್ಬರ ಕಿವಿಯೂ ಮಂದವಾಗಿತ್ತು. ಜೋರಾಗಿ ಮಾತಾಡಿದರೆ ಕೇಳುತ್ತಿತ್ತು. ಸಣ್ಣ, ಚೂಪು ಸದ್ದುಗಳು— ಕುಕ್ಕರ್ ಸಿಳ್ಳೆ, ಫೋನಿನ ರಿಂಗು— ಇವು ಅವರ ಪಾಲಿಗೆ ಇರಲೇ ಇಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಹೊಸಬರು ಬಂದರೆ ಜಗಳ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದರು.

ಮಾವನ ಹೃದಯ ದುರ್ಬಲವಾಗಿದೆ ಎಂದು ಗೊತ್ತಾದದ್ದು ಅವರು ಮೂಟೆ ಎತ್ತಲಾಗದೆ ಕೂತುಬಿಟ್ಟ ದಿನ. 'ಹಾರ್ಟ್ ಫೇಲ್ಯೂರ್' ಅಂದರು ತುಮಕೂರಿನ ಡಾಕ್ಟರು. ಅತ್ತೆ ಅಲ್ಲೇ ಅಳುವುದಕ್ಕೆ ಶುರುಮಾಡಿದರು. ಡಾಕ್ಟರು ಸಮಾಧಾನವಾಗಿ ಹೇಳಿದರು— ಹೃದಯ ನಿಂತಿಲ್ಲ, ಒತ್ತುವ ಶಕ್ತಿ ಕಮ್ಮಿಯಾಗಿದೆ, ಹಾಗಾಗಿ ಶ್ವಾಸಕೋಶದಲ್ಲಿ, ಕಾಲಲ್ಲಿ ನೀರು ನಿಲ್ಲುತ್ತದೆ. ಉಪ್ಪು ಕಮ್ಮಿ, ದಿನಕ್ಕೆ ಒಂದೂವರೆ ಲೀಟರಿಗಿಂತ ನೀರು ಹೆಚ್ಚು ಬೇಡ, ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಆಮೇಲೆ ಎಡಗಡೆ ಭುಜದ ಮೂಳೆಯ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ಇಟ್ಟರು. ಹೃದಯದ ಬಡಿತವನ್ನು ಹೊಂದಿಸಿಕೊಡುವುದು, ತಾಳ ತಪ್ಪಿ ಓಡಿದರೆ ಶಾಕ್ ಕೊಟ್ಟು ತಾಳಕ್ಕೆ ತರುವುದು ಅದರ ಕೆಲಸ. ಜೊತೆಗೆ ಎದೆಯಲ್ಲಿ ನೀರು ಏರುತ್ತಿದೆಯೇ ಎಂದು ಒಳಗಿನಿಂದಲೇ ಅಳೆಯುವುದು. ಏರಿದರೆ ದಿನಕ್ಕೊಂದು ಸಲ, ನಾವು ಹೇಳಿದ ಹೊತ್ತಿಗೆ, ಕೂಗುವುದು.

ಆ ಕೂಗು ಹೇಗಿರುತ್ತದೆ ಎಂದು ಅಲ್ಲಿನ ಟೆಕ್ನಿಷಿಯನ್ ಹುಡುಗ ತೋರಿಸಿದ. ಮಾವ ಸುಮ್ಮನೆ ಕೂತಿದ್ದರು. ಅತ್ತೆಯೂ ಸುಮ್ಮನಿದ್ದರು. ನಾನೊಬ್ಬಳೇ ಬೆಚ್ಚಿದೆ.

"ಯಾರ್‍ಯಾರಿಗೆ ಕೇಳಿಸ್ತು?" ಅಂದ.

ನಾನು ಕೈ ಎತ್ತಿದೆ. ಶಾಲೆಯಲ್ಲಿ ಎತ್ತುವ ಹಾಗೇ.

"ಹಂಗಾದ್ರೆ ಇವ್ರ ಕಿವಿ ನೀವೇ ಮೇಡಂ. ದಿನಾ ಯಾವ ಟೈಮಲ್ಲಿ ಇವ್ರ ಪಕ್ಕ ಗ್ಯಾರಂಟಿ ಇರ್ತೀರ ಹೇಳಿ, ಆ ಟೈಮಿಗೆ ಸೆಟ್ ಮಾಡ್ತೀನಿ. ಕೂಗಿದ್ರೆ ಕಾಯ್ಬೇಡಿ, ಅವತ್ತೇ ಕರ್ಕೊಂಡ್ ಬನ್ನಿ."

ಏಳಕ್ಕೆ, ಅಂದೆ. ನನ್ನ ಗಂಡ ಮಹೇಶ್ ಬಸ್ ಕಂಡಕ್ಟರ್, ದೂರದ ರೂಟು, ವಾರದಲ್ಲಿ ನಾಲ್ಕು ದಿನ ಮನೆಯಲ್ಲೇ ಇರುತ್ತಿರಲಿಲ್ಲ. ನನ್ನ ಶಾಲೆ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸು— ಮೂರು ಬಸ್ಸು ಹತ್ತಿ ಇಳಿಯಬೇಕು. ಏಳೂ ಇಪ್ಪತ್ತಕ್ಕೆ ಮನೆ ಬಿಡುತ್ತಿದ್ದೆ. ಒಂಬತ್ತು ವರ್ಷ ಹಾಗೇ ಓಡಾಡಿದ್ದೆ.

ಸೊಸೆ ಮಾವನ ಎದೆಗೆ ಕಿವಿ ಇಡುವುದೆಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾವ ಪಡಸಾಲೆಯಲ್ಲಿದ್ದರೆ ನಾನು ಬಾಗಿಲ ಸಂದಿಯಲ್ಲೇ ನಿಂತು ಮಾತಾಡುತ್ತಿದ್ದವಳು. ಮೊದಲ ದಿನ ಇಬ್ಬರೂ ನಾಚಿ ನೀರಾದೆವು. ಎರಡನೇ ದಿನ ಮಾವ ಗಿರಣಿಯಿಂದ ತಗಡಿನ ಆಲಿಕೆ ತಂದಿದ್ದರು, ಮೆಷಿನ್ನಿಗೆ ಎಣ್ಣೆ ಹುಯ್ಯುವುದು, ಸೀಗೆಪುಡಿ ಹಾಕಿ ಉಜ್ಜಿ ತೊಳೆದಿದ್ದರು. ಅಗಲ ಬಾಯಿ ಅವರ ಎದೆಗೆ, ಸಣ್ಣ ಬಾಯಿ ನನ್ನ ಕಿವಿಗೆ. ಕೊರಳಿನ ಕರಡಿಗೆಯನ್ನು ಅದರೊಳಗಿನ ಲಿಂಗದ ಸಮೇತ ಒಂದು ಕೈಯಲ್ಲಿ ಪಕ್ಕಕ್ಕೆ ಹಿಡಿದು, ಗಡಿಯಾರ ನೋಡುತ್ತಾ, "ಮೇಡಂನೋರೆ, ಹಾಜರಿ ತಗಳಿ" ಅನ್ನುತ್ತಿದ್ದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸದ್ದಿಲ್ಲದಿದ್ದರೆ "ಇಲ್ಲ ಮಾವ" ಎಂದು ಕೂಗಿ ಹೇಳುತ್ತಿದ್ದೆ. ಅವರು ಆಲಿಕೆಯನ್ನು ಮೊಳೆಗೆ ನೇತು ಹಾಕಿ ಕಾಫಿಗೆ ಕೈ ಚಾಚುತ್ತಿದ್ದರು.

ಆ ಹೊತ್ತು ನನಗೆ ಇಷ್ಟವಾಗುತ್ತಿತ್ತು— ಇದನ್ನೂ ಹೇಳಬೇಕು. ಆ ಮನೆಗೆ ಬಂದು ಎಷ್ಟೋ ವರ್ಷವಾದ ಮೇಲೆ ಮಾವ ನನ್ನನ್ನು ನೋಡಿ ನಕ್ಕದ್ದು ಆ ಆಲಿಕೆಯಿಂದಲೇ. ಆದರೆ ದಿನಾ ಬೆಳಿಗ್ಗೆ, ಭಾನುವಾರವೂ, ಹಬ್ಬದಲ್ಲೂ, ತವರಿಗೂ ಹೋಗದೆ ಅಲ್ಲೇ ಇರಬೇಕಲ್ಲ— ಅದು ಬೇಜಾರೂ ಆಗುತ್ತಿತ್ತು. ಎರಡೂ ನಿಜ.

ಆ ಸೋಮವಾರಕ್ಕೆ ಮುಂಚೆ ಎರಡು ಸಲ ಅದು ಕೂಗಿತ್ತು. ಮೊದಲ ಸಲ ಅವತ್ತೇ ಹೊರಟೆವು. ನೀರಿಳಿಯುವ ಇಂಜೆಕ್ಷನ್ ಕೊಟ್ಟು ನಾಲ್ಕು ದಿನ ಇಟ್ಟುಕೊಂಡರು, ವಾರ್ಡಿನಲ್ಲಿ ನಾನೇ ಇದ್ದೆ. ಎರಡನೇ ಸಲ ಹೋದರೆ, ಅಂಥದ್ದೇನಿಲ್ಲ, ಕೆಲವು ಸಲ ಹೀಗೆ ಸುಮ್ಮಸುಮ್ಮನೆಯೂ ಕೂಗುತ್ತದೆ, ಅಂದು ಮಾತ್ರೆ ಹೊಂದಿಸಿ ಕಳಿಸಿದರು. 'ಸುಮ್ಮಸುಮ್ಮನೆಯೂ ಕೂಗುತ್ತದೆ' ಎಂಬ ಆ ಮಾತನ್ನು ನಾನು ಎಲ್ಲೋ ಒಳಗೆ ಎತ್ತಿಟ್ಟುಕೊಂಡಿದ್ದೆ.

ಆ ವರ್ಷ ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು. ಗುಬ್ಬಿಯಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ, ಒಂದು ಹುದ್ದೆ ಖಾಲಿ. ನನ್ನ ಸರದಿ ಗುರುವಾರ, ತುಮಕೂರಿನ ಕಚೇರಿಯಲ್ಲಿ. ಕರೆದಾಗ ಎದುರಿಗಿಲ್ಲದಿದ್ದರೆ ಮುಂದಿನವರಿಗೆ ಹೋಯಿತು ಅಂತಲೇ. ಒಂಬತ್ತು ವರ್ಷ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದವಳಿಗೆ ಆ ಒಂದು ಹುದ್ದೆ ಎಂದರೆ—

ಸೋಮವಾರ ಬೆಳಿಗ್ಗೆ ಆಲಿಕೆಯಲ್ಲಿ ಕೂಗು ಬಂತು. ಏರುತ್ತಾ ಇಳಿಯುತ್ತಾ, ದೂರದ ಆಂಬುಲೆನ್ಸಿನ ಹಾಗೆ, ಕೆಲವೇ ಕ್ಷಣ. ತಲೆಯೊಳಗೆ ಲೆಕ್ಕ ಓಡಿತು: ಇವತ್ತು ಹೋದರೆ ಅಡ್ಮಿಟ್ ಮಾಡುತ್ತಾರೆ, ನಾಲ್ಕು ದಿನ, ಅತ್ತೆಗೆ ಮಂಡಿ ನೋವು, ಗಂಡ ಊರಲ್ಲಿಲ್ಲ, ವಾರ್ಡಿನಲ್ಲಿ ನಾನೇ. ಗುರುವಾರ ಹೋಯಿತು.

"ಏನವ್ವ, ಕೂಗ್ತಾ?"

"ಇಲ್ಲ ಮಾವ."

"ಹಂಗಾದ್ರೆ ಬುಡು, ಬಚಾವಾದೆ" ಎಂದು ನಕ್ಕು ಕಾಫಿ ತೆಗೆದುಕೊಂಡರು.

ಆ ಕಚೇರಿಗೂ ಆ ಆಸ್ಪತ್ರೆಗೂ ನಡುವೆ ಆಟೋದಲ್ಲಿ ಹತ್ತು ನಿಮಿಷ. ಮಾವನನ್ನು ವಾರ್ಡಿಗೆ ಸೇರಿಸಿ, ನರ್ಸಮ್ಮನಿಗೆ ಒಂದು ಮಾತು ಹೇಳಿ, ಗುರುವಾರ ಹೋಗಿ ಸಹಿ ಹಾಕಿ ಬರಬಹುದಿತ್ತು. ಗಂಡನಿಗೆ ರಜೆ ಹಾಕಿ ಬಾ ಎಂದು ಫೋನ್ ಮಾಡಬಹುದಿತ್ತು. ಇದು ಆಗ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಲು ನಾನು ಬಿಡಲಿಲ್ಲವೋ— ಇವತ್ತಿಗೂ ಗೊತ್ತಿಲ್ಲ. ತುಮಕೂರಿನಲ್ಲಿ ಆ ದಾರಿಯಾಗಿ ಆಟೋದಲ್ಲಿ ಹೋಗುವಾಗಲೆಲ್ಲ ಈಗಲೂ ಗಡಿಯಾರ ನೋಡಿಕೊಳ್ಳುತ್ತೇನೆ. ಹತ್ತು ನಿಮಿಷವೂ ಹಿಡಿಯುವುದಿಲ್ಲ.

ಮಂಗಳವಾರ ಮತ್ತೆ ಕೂಗಿತು. ಮತ್ತೆ ಇಲ್ಲ ಅಂದೆ. ಎರಡನೇ ಸಲ ನಾಲಿಗೆ ತಡವರಿಸಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಬೇಕಿತ್ತು. ದಿನಾ ತೂಕ ನೋಡಿಕೊಳ್ಳುತ್ತಿದ್ದದ್ದು ಗಿರಣಿಯ ಮೂಟೆ ತೂಗುವ ತಕ್ಕಡಿಯಲ್ಲಿ. ಆ ವಾರ ಗಿರಣಿಯ ಮೋಟಾರು ಸುಟ್ಟು ರಿಪೇರಿಗೆ ಹೋಗಿತ್ತು, ಗಿರಣಿಗೆ ಬೀಗ. ತೂಕವೂ ಇಲ್ಲ. ಅವರ ಮೈಯ ಸುದ್ದಿ ಹೇಳುವವಳು ನಾನೊಬ್ಬಳೇ ಉಳಿದಿದ್ದೆ.

ಬುಧವಾರ ನಾನು ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಅತ್ತೆಯ ದನಿ ಕೇಳಿತು. "ಕಾಲು ಊದ್ದಂಗೈತೆ ಕಣ್ರೀ. ಮೆಟ್ಲು ಹತ್ತಕ್ಕೇ ಏದುಸಿರು ಬುಡ್ತಿದೀರ. ತುಮ್ಕೂರಿಗೆ ಹೋಗ್ಬರಾನ."

"ಏಯ್, ಏನಿಲ್ಲ ಸುಮ್ಕಿರೆ. ಎದೇಲಿ ಕೂಗಿಲ್ಲ ಅಂತ ಮೇಡಂನೋರೇ ಹೇಳವ್ರಲ್ಲ. ನಿಂಗಿಂತ ನಂಗಿಂತ ಆ ಮಿಷನ್ನಿಗೆ ಗೊತ್ತಿಲ್ವಾ?"

ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಿ ಹೇಳುವುದಕ್ಕೆ ನಾಲ್ಕು ಹೆಜ್ಜೆ. ಬಸ್ಸಿಗೆ ಹೊತ್ತಾಗಿತ್ತು. ನಾನು ಬಸ್ಸಿಗೆ ಹೋದೆ. ಮಿಕ್ಕಿದ್ದಕ್ಕೆಲ್ಲ ಏನಾದರೂ ಹೇಳಿಕೊಳ್ಳಬಹುದೇನೋ, ಆ ನಾಲ್ಕು ಹೆಜ್ಜೆಗೆ ನನ್ನ ಹತ್ತಿರ ಏನೂ ಇಲ್ಲ. ಅವರ ಮೈಯೇ ಹೇಳುತ್ತಿದ್ದುದನ್ನು ಅವರು ನಂಬಲಿಲ್ಲ, ನನ್ನನ್ನು ನಂಬಿದರು.

ಗುರುವಾರವೂ ಕೂಗಿತು, ಗುರುವಾರವೂ ಇಲ್ಲ ಅಂದೆ. ಹೊಸ ಸೀರೆ ಉಟ್ಟು ತುಮಕೂರಿಗೆ ಹೋದೆ. ಪರದೆಯ ಮೇಲೆ ಖಾಲಿ ಶಾಲೆಗಳ ಪಟ್ಟಿ. ನನ್ನ ಹೆಸರು ಕರೆದಾಗ ಗುಬ್ಬಿಯ ಶಾಲೆ ಇನ್ನೂ ಇತ್ತು. ಸಹಿ ಹಾಕಿ ಹೊರಗೆ ಬಂದು ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅತ್ತೆಯ ಕೈಗೆ ಕೊಡಿಸಿ, "ಸಿಕ್ತು" ಎಂದು ಕೂಗಿದೆ. ಮಾವ ಫೋನ್ ಕಸಿದುಕೊಂಡರು. "ಒಳ್ಳೇದಾಯ್ತು ಕಣವ್ವ... ಇನ್ಮೇಲೆ... ನಿಂಗೆ ಬಸ್ಸಿನ್ ಗೋಳಿಲ್ಲ" ಅಂದರು. ಆ ಒಂದು ಮಾತಿಗೆ ಮೂರು ಸಲ ಉಸಿರು ಎಳೆದುಕೊಂಡರು. ನನಗೆ ಅದೂ ಕೇಳಿಸಿತು.

ಶುಕ್ರವಾರ ಬೆಳಿಗ್ಗೆ ಎದ್ದಾಗ ಮಾವ ಮೂರು ದಿಂಬು ಒರಗಿಕೊಂಡು ಕೂತೇ ಇದ್ದರು. ಮಲಗಿದರೆ ಉಸಿರು ಕಟ್ಟುತ್ತದೆ ಅಂದರು. ಆಲಿಕೆ ಹಿಡಿದೆ. ಏಳಕ್ಕೆ ಕೂಗಿತು. ನಾನು ತಟ್ಟನೆ ತಲೆಯೆತ್ತಿ, ಕಣ್ಣರಳಿಸಿ, "ಮಾವ, ಕೂಗ್ತು!" ಎಂದೆ— ಮೊದಲನೇ ಸಲ ಕೇಳಿದವಳ ಹಾಗೆ.

"ಹೌದಾ? ಇವತ್ತೇ... ಶುರುವಾಯ್ತಾ?"

"ಹೂಂ ಮಾವ. ಇವತ್ತೇ."

ನನ್ನ ಕೈಯನ್ನು ತಟ್ಟಿದರು. ಸರಿಯಾದ ಹೊತ್ತಿಗೆ ಹೇಳಿದೆ ಎಂಬಂತೆ.

ಆಸ್ಪತ್ರೆಯಲ್ಲಿ ನೇರವಾಗಿ ಐಸಿಯುಗೆ ಕರೆದುಕೊಂಡು ಹೋದರು. ಹೊರಗೆ ಬಂದ ಡಾಕ್ಟರು ನಮ್ಮಿಬ್ಬರನ್ನೂ ನೋಡಿ, "ನೀರು ತುಂಬಾ ತುಂಬಿದೆ. ಊಟದಲ್ಲಿ ಉಪ್ಪು ಏನಾದ್ರೂ ಜಾಸ್ತಿ ಆಗಿತ್ತಾ?" ಎಂದು ಕೇಳಿದರು. ಅತ್ತೆ ಒಪ್ಪಿಕೊಂಡರು. ಭಾನುವಾರ ಮಾವ ಕಾಡಿಬೇಡಿ ಕೇಳಿದರಂತೆ. ಮೊಸರನ್ನದ ಜೊತೆಗೆ ಕರಿದ ಮಜ್ಜಿಗೆ ಮೆಣಸಿನಕಾಯಿ, ನಾಲ್ಕು. ಉಪ್ಪಲ್ಲಿ ನೆನೆಸಿ ಒಣಗಿಸಿದ್ದು. ಡಾಕ್ಟರು ಗದರಲಿಲ್ಲ. "ಇವ್ರಿಗೆ ಉಪ್ಪೇ ವಿಷ ಅಂತ ಅವತ್ತೇ ಹೇಳಿದ್ನಲ್ಲ ಅಜ್ಜಿ" ಅಂದು ಒಳಗೆ ಹೋದರು.

ಅತ್ತೆ ಅಲ್ಲೇ ನೆಲದ ಮೇಲೆ ಕೂತರು. "ನಾನೇ ಹಾಕ್ದೆ ಗಿರಿಜಾ. ನನ್ ಕೈಯಾರೆ ಹಾಕ್ದೆ" ಅಂದರು. ನಾನು ಅವರ ಬೆನ್ನು ಸವರಿದೆ. ಸಮಾಧಾನ ಮಾಡಿದೆ! ಆ ಕೈಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಧ್ಯಾಹ್ನ ಟೆಕ್ನಿಷಿಯನ್ ಹುಡುಗ ಯಂತ್ರದ ನೆನಪನ್ನು ಓದಿ, ಉದ್ದನೆಯ ಕಾಗದ ಹಿಡಿದು ಬಂದ. ನಾನೊಬ್ಬಳೇ ಇದ್ದೆ. "ಮೇಡಂ, ಇದು ಸೋಮವಾರದಿಂದ ಕೂಗ್ತಿದೆ. ನಿಮಗೆ ಕೇಳಿಸ್ಲಿಲ್ವಾ?"

"ಮಿಕ್ಸಿ ಹಾಕಿದ್ರೇನೋ... ಇವತ್ತೇ ಕೇಳಿಸಿದ್ದು" ಅಂದೆ.

ಅವನು ನಂಬಿದ. ಸದ್ದು ಸಣ್ಣದು, ಎಷ್ಟೋ ಜನರಿಗೆ ಹೀಗಾಗುತ್ತೆ, ಅಂದ. ಒಳ್ಳೆಯ ಹುಡುಗ. ಕಾಗದದಲ್ಲಿ ಒಂದು ಗೆರೆ ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು. "ನೋಡಿ, ನೀರು ಏರೋಕೆ ಶುರುವಾಗಿರೋದು ಇಲ್ಲಿಂದ" ಎಂದು ಬೆರಳಿಟ್ಟ. ಆ ಭಾನುವಾರಕ್ಕಿಂತ ಒಂಬತ್ತು ದಿನ ಹಿಂದೆ. ಮೆಣಸಿನಕಾಯಿ ಡಬ್ಬಿಯಿಂದ ಹೊರಗೇ ಬರದಿದ್ದಾಗ.

ಅಂದರೆ ಶುರುಮಾಡಿದ್ದು ಅತ್ತೆಯ ಉಪ್ಪಲ್ಲ. ಅದನ್ನು ಹೇಳುವ ಕಾಗದ ನನ್ನ ಕೈಯಲ್ಲೇ ಇತ್ತು. ಕೊಟ್ಟರೆ ಸೋಮವಾರ ಎಂಬ ಮಾತೂ ಅದರ ಜೊತೆಗೆ ಹೋಗಬೇಕು. ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಬ್ಯಾಗಿನಿಂದ ಅದು ನನ್ನ ವರ್ಗಾವಣೆ ಆದೇಶದ ಫೈಲಿಗೆ ಹೋಯಿತು.

ಮಾವ ಮನೆಗೆ ಬಂದರು, ಆದರೆ ಮೊದಲಿನ ಮಾವ ಬರಲಿಲ್ಲ. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ನಲವತ್ತು ದಿನ ಇದ್ದರು. ಆ ನಲವತ್ತು ದಿನವೂ ಏಳಕ್ಕೆ ಆಲಿಕೆ ಹಿಡಿದೆ, ಕೇಳಿಸಿದ್ದನ್ನು ಕೇಳಿಸಿದ ಹಾಗೇ ಹೇಳಿದೆ. ಹೊಸ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದೆ. ನಾಲ್ಕು ದಿನ ಮೊದಲೇ ಹೋಗಿದ್ದರೆ ಅವರು ಉಳಿಯುತ್ತಿದ್ದರೇ? ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಉಳಿಯುತ್ತಿರಲಿಲ್ಲ ಎಂದಿದ್ದರೂ ನಾನು ಹೇಳಿದ್ದು ಸುಳ್ಳೇ.

ಮಣ್ಣು ಮಾಡಿ ಬಂದ ದಿನದಿಂದ ಅತ್ತೆ ಉಪ್ಪು ಬಿಟ್ಟರು. ಯಾರಿಗೂ ಹೇಳಲಿಲ್ಲ, ಶಪಥ ಗಿಪಥ ಏನೂ ಮಾಡಲಿಲ್ಲ. ಒಲೆಯಿಂದ ಸಾರು ಇಳಿಸುವ ಮುಂಚೆ, ನಾನು ಉಪ್ಪು ಹಾಕುವ ಮುಂಚೆ, ತಮಗೊಂದು ಸೌಟು ತೆಗೆದಿಟ್ಟುಕೊಳ್ಳುವರು. ಸಪ್ಪೆ ಮುದ್ದೆ, ಸಪ್ಪೆ ಸಾರು. ಐದು ವರ್ಷ ನಾನೇ ಬಡಿಸಿದ್ದೇನೆ. ಮಗ ಬೈದ, ನೆಂಟರು ಹೇಳಿದರು. "ನಂಗೆ ಅದೇ ರುಚಿ ಬುಡ್ರಪ್ಪ" ಅಂದುಬಿಡುತ್ತಿದ್ದರು. ನನಗೆ ಮಾತ್ರ ಒಂದು ಸಲ ನಿಜ ಹೇಳಿದ್ದರು. "ಅವ್ರಿಗೆ ಹಾಕಿ ಕೊಂದೆ. ನಾನ್ ತಿಂದ್ಕಂಡು ಬದುಕ್ಲಾ?" ಆಗಲೂ ನಾನು ಅವರ ತಟ್ಟೆಗೆ ಸಪ್ಪೆ ಸಾರನ್ನೇ ಬಡಿಸಿದೆ.

ಹೋದ ತಿಂಗಳು ಅತ್ತೆ ಬಚ್ಚಲಲ್ಲಿ ಬಿದ್ದರು. ಎದ್ದ ಮೇಲೆ ನನ್ನನ್ನು ನೋಡಿ "ನೀನ್ಯಾರವ್ವ?" ಅಂದರು. ರಕ್ತ ಪರೀಕ್ಷೆ ಮಾಡಿದರೆ ಸೋಡಿಯಂ ತೀರಾ ಇಳಿದಿತ್ತು. ಡ್ರಿಪ್ ಹಾಕಿ ಸರಿಮಾಡಿದರು. "ಉಪ್ಪು ತಿನ್ನಲೇಬೇಕು, ಇಲ್ಲದಿದ್ರೆ ಇನ್ನೊಂದು ಸಲ ಹೀಗಾದಾಗ ನಾನು ಹೇಳೋಕಾಗಲ್ಲ" ಅಂದರು ಡಾಕ್ಟರು. ಮನೆಗೆ ಬಂದ ಮೊದಲ ದಿನವೇ ಅತ್ತೆ ಸಪ್ಪೆ ಸಾರು ತೆಗೆದಿಟ್ಟುಕೊಂಡರು.

ನನ್ನ ಸುಳ್ಳು ಒಬ್ಬರನ್ನು ಕಳಿಸಿ ಸುಮ್ಮನಾಗಿಲ್ಲ, ಇನ್ನೊಬ್ಬರನ್ನೂ ಎಳೆಯುತ್ತಿದೆ ಎಂದು ಅವತ್ತು ತಿಳಿಯಿತು. ಆಮೇಲೂ ಒಂಬತ್ತು ದಿನ ತಡಮಾಡಿದೆ. ನಾಳೆ, ನಾಡಿದ್ದು, ಇವರು ಬಂದ ಮೇಲೆ, ಪರೀಕ್ಷೆ ಮುಗಿದ ಮೇಲೆ. ನಿನ್ನೆ ಬೆಳಿಗ್ಗೆ ಏಳಕ್ಕೆ, ಗೋಡೆಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿರುವ ಆಲಿಕೆಯ ಕೆಳಗೆ, ಆ ಕಾಗದ ಬಿಚ್ಚಿ ಅತ್ತೆಯ ಮುಂದೆ ಹರಡಿದೆ. ಅತ್ತೆಗೆ ಓದು ಬರುವುದಿಲ್ಲ. ಏರುವ ಗೆರೆ ಕಾಣುತ್ತದೆ. ನೀರು ಏರಲು ಶುರುವಾದದ್ದು ಇಲ್ಲಿ, ನೀವು ಮೆಣಸಿನಕಾಯಿ ಹಾಕಿದ್ದು ಇಲ್ಲಿ, ಯಂತ್ರ ಕೂಗಿದ್ದು ಇಲ್ಲಿ— ಬೆರಳಿಟ್ಟು ತೋರಿಸಿದೆ. ಕಿವಿಯ ಹತ್ತಿರ ಬಾಗಿ ಕೂಗಿಯೇ ಹೇಳಬೇಕಾಯಿತು. ಗುಟ್ಟಿನ ದನಿಯಲ್ಲಿ ಹೇಳುವ ಮಾತನ್ನು ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದೆ.

ಅತ್ತೆ ಬಹಳ ಹೊತ್ತು ಕಾಗದ ನೋಡಿದರು.

"ನಿಂಗೆ ಕೇಳುಸ್ತಾ?"

"ಕೇಳುಸ್ತು ಅತ್ತೆ."

"ಎಷ್ಟ್ ದಿನ?"

"ನಾಲ್ಕು ದಿನ."

"ದಿನಾ ಕೇಳಿದ್ರಾ ಅವ್ರು, ಕೂಗ್ತಾ ಅಂತ?"

"ದಿನಾ ಕೇಳಿದ್ರು."

ಯಾಕೆ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ಬಸ್ಸು, ಅನ್ನಬೇಕಿತ್ತು.

ನನ್ನ ಗಂಡ ಶನಿವಾರ ಬರುತ್ತಾರೆ. ಈ ಹಾಳೆಗಳನ್ನು ಅವರ ಕೈಗೆ ಕೊಡುತ್ತೇನೆ, ಒಂದು ಸಾಲೂ ಹೊಡೆದುಹಾಕದೆ. ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಏನು ಮಾಡಿದರೂ ಸರಿಯೇ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಸಾರು ತೆಗೆದಿಟ್ಟುಕೊಂಡಿರಲಿಲ್ಲ. ಎಲ್ಲರ ಸಾರಿನ ಪಾತ್ರೆಯನ್ನೇ ಹತ್ತಿರಕ್ಕೆ ಎಳೆದುಕೊಂಡರು. ಉಪ್ಪಿನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ತಟ್ಟೆಯ ಅಂಚಿಗೂ ಹಾಕಿಕೊಂಡರು. ಐದು ವರ್ಷದ ಮೇಲೆ. ನಾನು ಸೌಟು ಹಿಡಿದು ಬಡಿಸಲು ಬಾಗಿದೆ.

ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರು. ನನ್ನ ಕೈಯಿಂದ ಸೌಟು ತೆಗೆದುಕೊಂಡು, ತಾವೇ ಬಡಿಸಿಕೊಂಡು ಉಂಡರು.